ಹಲ್ಲಿಲ್ಲದವರೆಲ್ಲ ನೆಂಟರಲ್ಲ

ಮಳೆ ಬಿಟ್ಟ ಒಂದು ಮಧ್ಯಾಹ್ನ ಅಕ್ಕನ ಮಗಳು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಆಗ ಅವಳಿಗೆ ಆರು ವರ್ಷ. ಎಷ್ಟು ಹೊತ್ತಾದರೂ ಏಳಲಿಲ್ಲ. ಹತ್ತಿರ ಹೋಗಿ ನೋಡಿದರೆ ಗೋಡೆಗೆ ಅಂಟಿದ್ದ ಹಸಿರನ್ನು ಬೆರಳ ತುದಿಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. "ಚಿಕ್ಕಮ್ಮ, ಇದೂ ಅದೂ ಒಂದೇನಾ?" ಅಂತ ಕೇಳಿದಳು. "ಹೂಂ ಪುಟ್ಟಿ, ಎಲ್ಲಾ ಪಾಚಿನೇ. ಏಳು, ಜಾರ್ತೀಯ" ಅಂದೆ. ಅವಳು ಏಳಲಿಲ್ಲ. "ಇದು ಮೆತ್ತಗೆ ದಿಂಬಿನ ಥರ ಇದೆ. ಅದು ಚಪ್ಪಟೆ, ಜಡೆ ಹೆಣೆದ ಥರ ಇದೆ. ಒಂದೇ ಹೇಗಾಗುತ್ತೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವಳು ಕೈ ತೊಳೆದುಕೊಂಡು ಆಟಕ್ಕೆ ಓಡಿದಳು. ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು.

ಸಂಜೆ ಎರಡನ್ನೂ ಒಂದೊಂದು ಚಿಟಿಕೆಯಷ್ಟು ಕಿತ್ತು, ಕಾಗದದ ಪೊಟ್ಟಣ ಕಟ್ಟಿ, ಮೇಲೆ ಪೆನ್ಸಿಲ್‌ನಿಂದ ದಿನಾಂಕ ಬರೆದೆ. ಎರಡರ ಮೇಲೂ 'ಹಾವಸೆ' ಅಂತ ಬರೆದೆ. ಪಾಚಿ ಅನ್ನುವುದಕ್ಕಿಂತ ಅದು ಸರಿಯಾದ ಪದ ಅನ್ನಿಸಿತ್ತು. ಒಂದು ಪೊಟ್ಟಣದ ಮೇಲಿನ ಆ ಹೆಸರೂ ತಪ್ಪು ಅಂತ ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಈ ಬರಹ ಆ ತಪ್ಪಿನ ಸುತ್ತ ಇದೆ.

ಒಂದೇ ಚೀಲಕ್ಕೆ ತುಂಬಿದ್ದು

ನಮ್ಮ ಮಾತಿನಲ್ಲಿ ಪಾಚಿ ಅನ್ನುವುದು ದೊಡ್ಡ ಚೀಲ. ಕೆರೆಯ ನೀರನ್ನು ಹಸಿರು ಮಾಡುವುದು ಪಾಚಿ. ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿಸುವ ಲೋಳೆ ಪಾಚಿ. ಗೋಡೆಯ ಮೇಲಿನ ಮಖಮಲ್ಲಿನಂಥ ಗಿಡವೂ ಪಾಚಿ. ಪಠ್ಯಪುಸ್ತಕಗಳು ಗೋಡೆಯ ಮಖಮಲ್ಲಿಗೆ ಹಾವಸೆ ಅನ್ನುತ್ತವೆ, ನೀರಿನದಕ್ಕೆ ಪಾಚಿ ಅಥವಾ ಶೈವಲ ಅನ್ನುತ್ತವೆ. ಆದರೆ ಹಾವಸೆ ಪದವನ್ನೂ ಜನ ಕೆರೆಯ ಹಸಿರಿಗೆ ಬಳಸುತ್ತಾರೆ. ಕಲ್ಲಿನ ಮೇಲೆ ಬೂದು ಬಣ್ಣದಲ್ಲಿ ಹಬ್ಬುವ ಕಲ್ಲುಹೂವು ಇನ್ನೊಂದೇ ಬಗೆ. ಅದು ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೋಡಿ ಜೀವ. ಅದನ್ನೂ ಎಷ್ಟೋ ಸಲ ಇದೇ ಚೀಲಕ್ಕೆ ಹಾಕುತ್ತೇವೆ.

ಇದು ನಮ್ಮ ಭಾಷೆಯ ಕೊರತೆ ಅಂತ ನಾನು ಮೊದಲು ಅಂದುಕೊಂಡಿದ್ದೆ. ಹಾಗೇನಿಲ್ಲ. ಇಂಗ್ಲಿಷಿನಲ್ಲಿ 'ಸ್ಪ್ಯಾನಿಷ್ ಮಾಸ್' ಅನ್ನುವುದು ಹೂ ಬಿಡುವ ಗಿಡ, ಅನಾನಸಿನ ಕುಟುಂಬದ್ದು. 'ಐರಿಷ್ ಮಾಸ್' ಸಮುದ್ರದ ಕೆಂಪು ಪಾಚಿ. 'ರೇನ್‌ಡಿಯರ್ ಮಾಸ್' ಕಲ್ಲುಹೂವಿನ ಜಾತಿ. 'ಕ್ಲಬ್ ಮಾಸ್'ಗೆ ನೀರು ಸಾಗಿಸುವ ನಾಳಗಳಿವೆ, ನಿಜವಾದ ಬೇರುಗಳಿವೆ. ಹಾವಸೆಗೆ ಎರಡೂ ಇಲ್ಲ. ಚಿಕ್ಕದು, ಹಸಿರು, ಒದ್ದೆ ಜಾಗದಲ್ಲಿದೆ, ಹೂವಿಲ್ಲ, ಇಷ್ಟಿದ್ದರೆ ಸಾಕು, ಜನ ಎಲ್ಲೆಡೆ ಒಂದೇ ಹೆಸರಿನಿಂದ ಕರೆದಿದ್ದಾರೆ.

ಜನಸಾಮಾನ್ಯರು ಮಾತ್ರವಲ್ಲ, ಗಿಡಗಳಿಗೆ ಲೆಕ್ಕ ಇಟ್ಟವರೂ ಹಾಗೇ ಮಾಡಿದ್ದರು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಸಸ್ಯಗಳನ್ನೆಲ್ಲ 24 ವರ್ಗಗಳಿಗೆ ಹಂಚಿದರು. ಹೂವಿನ ಕೇಸರ ಎಷ್ಟು, ಶಲಾಕೆ ಎಷ್ಟು ಅನ್ನುವುದೇ ಅವರ ಲೆಕ್ಕ. ಹೂವೇ ಕಾಣದ ಗಿಡಗಳನ್ನು ಏನು ಮಾಡುವುದು? ಅವಕ್ಕೆಲ್ಲ ಕೊನೆಯ ವರ್ಗ. ಅದರ ಹೆಸರು ಕ್ರಿಪ್ಟೊಗೇಮಿಯಾ, ಅಂದರೆ ಗುಟ್ಟಿನ ಮದುವೆ. ಜರೀಗಿಡ, ಹಾವಸೆ, ಪಾಚಿ, ಅಣಬೆ ಎಲ್ಲವೂ ಅಲ್ಲೇ. ಒಳಗಿನ ಹಂಚಿಕೆಯೂ ಈಗ ನೋಡಿದರೆ ಅಡ್ಡಾದಿಡ್ಡಿ. ಕ್ಲಬ್ ಮಾಸನ್ನು ಹಾವಸೆಗಳ ಜೊತೆ ಇಟ್ಟರು. ಹಾವಸೆಯ ಹಾಗೇ ಹೂವಿಲ್ಲದ ಇನ್ನೊಂದು ಬಗೆಯ ಪುಟ್ಟ ಗಿಡಗಳಾದ ಲಿವರ್‌ವರ್ಟ್‌ಗಳನ್ನು ಪಾಚಿಗಳ ಜೊತೆ ಇಟ್ಟರು. ಹಾವಸೆಯ ಕಡ್ಡಿಯ ತುದಿಯಲ್ಲಿರುವ ಪುಟ್ಟ ಕುಡಿಕೆಯನ್ನು ಗಂಡು ಹೂವಿನ ಪರಾಗಕೋಶ ಅಂತ ಭಾವಿಸಿದರು. ಅದರೊಳಗಿನ ಪುಡಿ ಅವರ ಕಣ್ಣಿಗೆ ಪರಾಗ. ಒಳ್ಳೆ ಮಸೂರ ಕೈಗೆ ಸಿಗದ ಕಾಲದಲ್ಲಿ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು, ಅಲ್ವಾ?

ಆ ಕೊನೆಯ ವರ್ಗ ನನ್ನನ್ನು ತುಂಬ ದಿನ ಕಾಡಿತು. ಉಳಿದ 23 ವರ್ಗಗಳಿಗೂ ಇರುವುದನ್ನು ನೋಡಿ ಹೆಸರಿಟ್ಟಿದ್ದರು. ಇದೊಂದಕ್ಕೆ ಮಾತ್ರ ಇಲ್ಲದ್ದನ್ನು ನೋಡಿ ಹೆಸರಿಟ್ಟರು. ನಾನು ಪುಟ್ಟಿಗೆ ಕೊಟ್ಟ ಉತ್ತರವೂ ಅದೇ ಬಗೆಯದು. ಹೂವಿಲ್ಲ, ಕಾಯಿಲ್ಲ, ಹಾಗಾಗಿ ಎಲ್ಲಾ ಪಾಚಿ.

ಬೆಳಿಗ್ಗೆ ವೈದ್ಯ, ಉಳಿದಂತೆ ಹಾವಸೆ

ಗುಟ್ಟಿನ ಮದುವೆಯ ಗುಟ್ಟನ್ನು ಬಿಚ್ಚಿದವರು ಯೋಹಾನ್ನೆಸ್ ಹೆಡ್ವಿಗ್. 1730ರಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ ಹುಟ್ಟಿದವರು. ವೃತ್ತಿಯಿಂದ ವೈದ್ಯರು. ಕೆಮ್ನಿಟ್ಸ್‌ನಲ್ಲಿ ರೋಗಿಗಳನ್ನು ನೋಡುತ್ತ, ಉಳಿದ ಹೊತ್ತಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದರು. ಹಾವಸೆಯ ಎಲೆಗಳ ನಡುವೆ ಅಡಗಿರುವ ಗಂಡು ಅಂಗವನ್ನೂ ಹೆಣ್ಣು ಅಂಗವನ್ನೂ ಅವರು ಸ್ಪಷ್ಟವಾಗಿ ಗುರುತಿಸಿದರು. ಹಾಗಾದರೆ ಕಡ್ಡಿಯ ತುದಿಯ ಕುಡಿಕೆ ಪರಾಗಕೋಶ ಆಗಲು ಸಾಧ್ಯವಿಲ್ಲ. ಅದು ಆ ಮದುವೆಯ ಫಲ. ಅದರೊಳಗಿನ ಪುಡಿಯನ್ನು ಅವರು ಬಿತ್ತಿ ನೋಡಿದರು. ಹಸಿರು ಎಳೆಗಳು ಮೊಳೆತವು. ಪರಾಗ ಮೊಳೆತು ಗಿಡ ಆಗುವುದಿಲ್ಲ. ಇದು ಬೀಜಾಣು.

ಇನ್ನೊಂದು ಕೆಲಸವನ್ನೂ ಹೆಡ್ವಿಗ್ ಮಾಡಿದರು. ಅವರು ಕುಡಿಕೆಯ ಬಾಯಿ ನೋಡಿದರು. ಹಾವಸೆಗಳನ್ನು ವಿಂಗಡಿಸಲು ಎಲೆ ಸಾಲದು, ಎತ್ತರ ಸಾಲದು, ಬಣ್ಣ ಸಾಲದು ಅಂತ ಅವರಿಗೆ ಗೊತ್ತಾಗಿತ್ತು. ಮಳೆ, ನೆರಳು, ಗೊಬ್ಬರ ಬದಲಾದರೆ ಅವೆಲ್ಲ ಬದಲಾಗುತ್ತವೆ. ಆದರೆ ಕುಡಿಕೆಯ ಮುಚ್ಚಳ ಉದುರಿದ ಮೇಲೆ ಬಾಯಿಯ ಸುತ್ತ ಕಾಣುವ ಹಲ್ಲುಗಳು ಸುಲಭಕ್ಕೆ ಬದಲಾಗುವುದಿಲ್ಲ. ಈ ಹಲ್ಲಿನ ಸಾಲಿಗೆ ಪೆರಿಸ್ಟೋಮ್ ಅನ್ನುತ್ತಾರೆ. ಒಂದು ಸಾಲೋ ಎರಡು ಸಾಲೋ, ಎಷ್ಟು ಹಲ್ಲು, ತುದಿ ಸೀಳಿದೆಯೋ ಇಲ್ಲವೋ, ಇದನ್ನೆಲ್ಲ ನೋಡಿ ಕುಲಗಳನ್ನು ಕಟ್ಟಿದರು. 1799ರಲ್ಲಿ ಲೈಪ್ಸಿಗ್‌ನಲ್ಲಿ ಅವರು ತೀರಿಕೊಂಡರು. ಅವರ ದೊಡ್ಡ ಗ್ರಂಥ 1801ರಲ್ಲಿ, ಶಿಷ್ಯ ಶ್ವೇಗ್ರಿಕೆನ್ ಕೈಯಲ್ಲಿ ಹೊರಬಂತು. ಇವತ್ತಿಗೂ ಹಾವಸೆಯ ಹೆಸರುಗಳ ಲೆಕ್ಕ ಶುರುವಾಗುವುದು 1801ರ ಜನವರಿ 1ರಿಂದ. ಉಳಿದ ಹೆಚ್ಚಿನ ಗಿಡಗಳಿಗೆ 1753ರಿಂದ ಲೆಕ್ಕ. ಹಾವಸೆಗಳಲ್ಲಿ, ಜೌಗು ನೆಲದಲ್ಲಿ ಬೆಳೆಯುವ ಸ್ಫ್ಯಾಗ್ನಮ್‌ನ ಕುಟುಂಬ ಒಂದೇ ಹಳೆಯ ಲೆಕ್ಕದಲ್ಲಿ ಉಳಿದಿದೆ. ಲಿನೇಯಸ್ ಇಟ್ಟ ಹೆಸರುಗಳನ್ನೂ ಬದಿಗಿಟ್ಟು ಒಬ್ಬ ಊರ ವೈದ್ಯನ ಪುಸ್ತಕದಿಂದ ಎಣಿಕೆ ಶುರುಮಾಡಿದ್ದಾರಲ್ಲ, ಆ ಗೌರವ ನನಗೆ ತುಂಬ ಇಷ್ಟ.

ಉಸಿರು ತಾಕಿದಾಗ

ಹಲ್ಲುಗಳ ಬಗ್ಗೆ ಓದುವುದು ಬೇರೆ, ನೋಡುವುದು ಬೇರೆ. ನಾನು ನೋಡಿದ್ದು ಒಣಗಿದ ಎಲೆ ಸುಟ್ಟ ಜಾಗವೊಂದರಲ್ಲಿ. ಬೂದಿ ನೆಲಕ್ಕೆ ಇಳಿದು ಕೆಲವು ತಿಂಗಳಾಗಿತ್ತು. ಅಲ್ಲಿ ಬೇರೇನೂ ಬೆಳೆದಿರಲಿಲ್ಲ, ಹಾವಸೆ ಮಾತ್ರ ದಟ್ಟವಾಗಿ ಹಬ್ಬಿತ್ತು. ನೂರಾರು ಕೆಂಚು ಕಡ್ಡಿಗಳು ಎದ್ದು, ತುದಿಯಲ್ಲಿ ಬಾಗಿದ ಕುಡಿಕೆಗಳು ತೂಗುತ್ತಿದ್ದವು. ಅದರ ಹೆಸರು ಫ್ಯುನೇರಿಯಾ ಹೈಗ್ರೊಮೆಟ್ರಿಕಾ. ಸುಟ್ಟ ನೆಲ ಅಂದರೆ ಅದಕ್ಕೆ ಪ್ರಾಣ. ಮೊದಲ ಪದಕ್ಕೆ ಹಗ್ಗ ಅಂತ ಅರ್ಥ, ಒಣಗಿದಾಗ ಅದರ ಕಡ್ಡಿ ಹಗ್ಗದ ಹಾಗೆ ಹೊಸೆದುಕೊಳ್ಳುತ್ತದೆ. ಎರಡನೆಯ ಪದ ತೇವ ಅಳೆಯುವುದು ಅನ್ನುವ ಅರ್ಥದ್ದು.

ಒಂದು ಮಾಗಿದ ಕುಡಿಕೆಯನ್ನು ಕಡ್ಡಿಯ ಸಮೇತ ತಂದು ಸೂಕ್ಷ್ಮದರ್ಶಕದ ಕೆಳಗೆ, ನೀರು ಹಾಕದೆ, ಒಣಗಿದ ಹಾಗೇ ಇಟ್ಟೆ. ಮುಚ್ಚಳ ಬಿದ್ದುಹೋಗಿತ್ತು. ಬಾಯಿಯ ಸುತ್ತ ಕೆಂಪು ಕಂದು ಬಣ್ಣದ 16 ಹಲ್ಲುಗಳು. ಎಲ್ಲವೂ ಒಂದೇ ಕಡೆಗೆ ಓರೆಯಾಗಿ ತಿರುಗಿ, ನಡುವಿನ ಒಂದು ಪುಟ್ಟ ಬಿಲ್ಲೆಗೆ ತುದಿ ಅಂಟಿಸಿಕೊಂಡಿದ್ದವು. ಪ್ರತಿ ಹಲ್ಲಿನ ಮೇಲೂ ಏಣಿಯ ಮೆಟ್ಟಿಲಿನಂಥ ಅಡ್ಡಗೆರೆಗಳು. ಅವುಗಳ ಹಿಂದೆ ತೆಳ್ಳಗೆ, ಮಸುಕಾಗಿ ಒಳಸಾಲಿನ ಇನ್ನೂ 16. ಹಲ್ಲು ಹಲ್ಲಿನ ನಡುವೆ ಸೀಳುಗಳು. ಆ ಸೀಳುಗಳಲ್ಲಿ ಬೀಜಾಣುಗಳು ಸಿಕ್ಕಿಕೊಂಡಿದ್ದವು.

ಕಣ್ಣು ಹತ್ತಿರ ಇಟ್ಟು ನೋಡುತ್ತ ಉಸಿರು ಬಿಟ್ಟೆ. ಹಲ್ಲುಗಳು ಅಲುಗಿದವು. ಏನೋ ತಾಗಿಸಿದೆ ಅಂದುಕೊಂಡು ಕೈ ಹಿಂದಕ್ಕೆ ತೆಗೆದೆ. ಮತ್ತೆ ಬೇಕಂತಲೇ ಮೆಲ್ಲಗೆ ಊದಿದೆ. ನನ್ನ ಉಸಿರಿನ ತೇವ ತಾಕುತ್ತಿದ್ದ ಹಾಗೆ ಸೀಳುಗಳು ಕಿರಿದಾದವು, ಹಲ್ಲುಗಳು ಒಳಕ್ಕೆ ಬಾಗಿ ಬಾಯಿ ಮುಚ್ಚಿತು. ಕೆಲವು ಕ್ಷಣ ಕಳೆದು ತೇವ ಆರಿದಾಗ ಸಣ್ಣಗೆ ಜಗ್ಗಿದ ಹಾಗೆ ಮತ್ತೆ ತೆರೆದುಕೊಂಡಿತು. ತೆರೆದಾಗ ನಾಲ್ಕೈದು ಬೀಜಾಣು ಹೊರಗೆ ಬಿದ್ದವು. ಆವತ್ತು ರಾತ್ರಿ ಎಷ್ಟು ಸಲ ಊದಿದೆನೋ ಗೊತ್ತಿಲ್ಲ.

ಆಮೇಲೆ ತಿಳಿದ ವಿಷಯ ಇನ್ನೂ ಬೆರಗು ಹುಟ್ಟಿಸಿತು. ಆ ಹಲ್ಲುಗಳಿಗೆ ಜೀವ ಇಲ್ಲ. ಕುಡಿಕೆ ಬೆಳೆಯುವಾಗ ಬಾಯಿಯ ಸುತ್ತ ಮೂರು ಸುತ್ತು ಜೀವಕೋಶಗಳಿರುತ್ತವೆ. ಅವುಗಳ ನಡುವಿನ ಗೋಡೆಗಳು ದಪ್ಪಗಾಗುತ್ತವೆ. ಆಮೇಲೆ ಕೋಶಗಳು ಸಾಯುತ್ತವೆ, ದಪ್ಪ ಗೋಡೆಯ ತುಣುಕುಗಳು ಮಾತ್ರ ಉಳಿಯುತ್ತವೆ. ಆ ಉಳಿದ ಗೋಡೆಯೇ ಹಲ್ಲು. ಅದರ ಒಂದು ಮುಖ ತೇವಕ್ಕೆ ಉಬ್ಬುವಷ್ಟು ಇನ್ನೊಂದು ಮುಖ ಉಬ್ಬುವುದಿಲ್ಲ, ಹಾಗಾಗಿ ಬಾಗುತ್ತದೆ. ಕೋಶಗಳು ಎರಡೆರಡಾಗಿ ಒಡೆಯುತ್ತ ಹೋಗುವುದರಿಂದ ಹಾವಸೆಗಳಲ್ಲಿ ಹಲ್ಲಿನ ಸಂಖ್ಯೆ ಸಾಮಾನ್ಯವಾಗಿ 4, 16, 32, 64 ಹೀಗೇ ಬರುತ್ತದೆ. ಟೆಟ್ರಾಫಿಸ್‌ಗೆ ಬರೀ ನಾಲ್ಕು ದಪ್ಪ ಹಲ್ಲು, ಹೆಸರಿನಲ್ಲೇ ನಾಲ್ಕಿದೆ. ಪಾಲಿಟ್ರೈಕಮ್‌ಗೆ 64. ಅವು ಗೋಡೆಯ ತುಣುಕುಗಳಾಗಿರದೆ ಇಡೀ ಕೋಶಗಳಿಂದ ಕಟ್ಟಿದ ಗಿಡ್ಡ ಹಲ್ಲುಗಳು. ಫ್ಯುನೇರಿಯಾದ ಹಾಗೆ ಬಾಗಿ ಆಡುವುದಿಲ್ಲ. ಅವುಗಳ ತುದಿಗೆ ಡೊಳ್ಳಿನ ಚರ್ಮದ ಹಾಗೆ ಒಂದು ಪೊರೆ ಬಿಗಿದಿರುತ್ತದೆ, ಹಲ್ಲಿನ ಸಂದುಗಳಿಂದ ಬೀಜಾಣು ಉದುರುತ್ತವೆ.

ಕುಡಿಕೆಯ ತಲೆಯ ಮೇಲೆ ಒಂದು ಟೊಪ್ಪಿಗೆಯೂ ಇರುತ್ತದೆ. ಇದರ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1851ರಲ್ಲಿ ವಿಲ್ಹೆಲ್ಮ್ ಹಾಫ್‌ಮೈಸ್ಟರ್ ಅನ್ನುವವರು, ಅವರೂ ಲೈಪ್ಸಿಗ್‌ನವರೇ, ವಿಶ್ವವಿದ್ಯಾಲಯದ ಪದವಿ ಇಲ್ಲದವರು, ಹಾವಸೆಯ ಹಸಿರು ಗಿಡ ಒಂದು ತಲೆಮಾರು, ಅದರ ಮೇಲೆ ನಿಂತ ಕಡ್ಡಿ ಕುಡಿಕೆ ಮುಂದಿನ ತಲೆಮಾರು ಅಂತ ತೋರಿಸಿಕೊಟ್ಟರು. ಮಗು ತಾಯಿಯ ಮೈಮೇಲೇ ನಿಂತು, ತಾಯಿ ಕೊಟ್ಟದ್ದನ್ನೇ ಉಂಡು ಬೆಳೆಯುತ್ತದೆ. ಟೊಪ್ಪಿಗೆ ಮಾತ್ರ ಮಗುವಿನದಲ್ಲ. ಮಗುವನ್ನು ಸುತ್ತಿಕೊಂಡಿದ್ದ ತಾಯಿಯ ಅಂಗ ಹರಿದು, ಅದರ ಮೇಲ್ಭಾಗ ಮಗುವಿನ ತಲೆಯ ಮೇಲೆ ಉಳಿಯುತ್ತದೆ. ಎಳೆ ಕುಡಿಕೆ ಒಣಗದಂತೆ ಅದು ಕಾಯುತ್ತದೆ. ಮಾಗುವ ಹೊತ್ತಿಗೆ ಉದುರುತ್ತದೆ.

ಮೂರು ಕಡೆ ಹಂಚಿಹೋದ ಒಂದು ಮನೆ

ಹೆಡ್ವಿಗ್ ನಂತರದ ನೂರು ವರ್ಷ ಹಲ್ಲು ನೋಡುವ ಕೆಲಸವೇ ಮುಂದುವರಿಯಿತು. ಫ್ರಾನ್ಸಿನ ಫಿಲಿಬೆರ್ 1884ರಿಂದ ಹಲ್ಲುಗಳ ರಚನೆ ಬಗ್ಗೆಯೇ ಸಾಲು ಸಾಲು ಲೇಖನ ಬರೆದರು. ಫ್ಲೈಷರ್ ಜಾವಾದ ಹಾವಸೆಗಳ ಮೇಲೆ ಅದೇ ಲೆಕ್ಕ ಹಾಕಿದರು. ಫಿನ್ಲೆಂಡಿನ ಶಾಲಾ ಮೇಷ್ಟ್ರು ಬ್ರೋಥೆರಸ್ 1924-25ರಲ್ಲಿ ಇಡೀ ಲೋಕದ ಹಾವಸೆಗಳನ್ನು ಜೋಡಿಸಿಟ್ಟರು. ಅದು ಹಲವು ದಶಕ ನಿಂತಿತು. ಈ ದಾರಿ ಬಹುಪಾಲು ಸರಿಯಾಗಿತ್ತು ಅನ್ನುವುದೇ ದೊಡ್ಡ ಸಂಗತಿ.

ಆದರೆ ಒಂದು ಕಡೆ ಅದು ಎಡವಿತು. ಕೆಲವು ಹಾವಸೆಗಳಿಗೆ ಹಲ್ಲೇ ಇಲ್ಲ. ಇನ್ನು ಕೆಲವಕ್ಕೆ ತೆರೆಯುವ ಬಾಯಿಯೇ ಇಲ್ಲ, ಕುಡಿಕೆ ಕೊಳೆತೋ ಒಡೆದೋ ಬೀಜಾಣು ಹೊರಬರಬೇಕು. ಹೆಡ್ವಿಗ್ ಹಲ್ಲಿಲ್ಲದವನ್ನು ಜಿಮ್ನೊಸ್ಟೊಮಮ್ ಅನ್ನುವ ಕುಲದಲ್ಲಿ ಇಟ್ಟರು. ಬೋಳುಬಾಯಿ ಅಂತ ಅರ್ಥ. ಬಾಯಿ ತೆರೆಯದ ಗಿಡ್ಡ ಹಾವಸೆಗಳನ್ನು ಫ್ಯಾಸ್ಕಮ್ ಅನ್ನುವ ಇನ್ನೊಂದು ಕುಲದಲ್ಲಿ ಇಟ್ಟರು. 1801ರ ಆ ಪುಸ್ತಕದಲ್ಲಿ ಮೂರು ಹೆಸರುಗಳು ಮೂರು ಬೇರೆ ಕುಲಗಳಲ್ಲಿವೆ. ಎರಡು ಸಾಲು ಹಲ್ಲಿನ ಫ್ಯುನೇರಿಯಾ ಹೈಗ್ರೊಮೆಟ್ರಿಕಾ. ಬೋಳುಬಾಯಿಯ ಜಿಮ್ನೊಸ್ಟೊಮಮ್ ಪಿರಿಫಾರ್ಮೆ. ಬಾಯಿಯೇ ಇಲ್ಲದ ಫ್ಯಾಸ್ಕಮ್ ಪೇಟೆನ್ಸ್. ಕುಡಿಕೆಯ ಬಾಯನ್ನಷ್ಟೇ ನೋಡಿದರೆ ಇವುಗಳ ನಡುವೆ ಯಾವ ಸಂಬಂಧವೂ ಕಾಣುವುದಿಲ್ಲ.

ಈಗ ಮೂರೂ ಒಂದೇ ಕುಟುಂಬ. ಎರಡನೆಯದು ಫಿಸ್ಕೊಮಿಟ್ರಿಯಮ್ ಪಿರಿಫಾರ್ಮೆ. ಮೂರನೆಯದು ಫಿಸ್ಕೊಮಿಟ್ರಿಯಮ್ ಪೇಟೆನ್ಸ್. ಎಲೆಯ ಅಗಲವಾದ, ಮೆತ್ತನೆಯ ದೊಡ್ಡ ಕೋಶಗಳನ್ನು ನೋಡಿದವರಿಗೆ ನೆಂಟಸ್ತಿಕೆಯ ಸುಳಿವು ಮೊದಲೇ ಸಿಕ್ಕಿತ್ತು. 1920ರ ದಶಕದಲ್ಲಿ ಫ್ರಿಟ್ಸ್ ಫಾನ್ ವೆಟ್‌ಸ್ಟೈನ್ ಹಲ್ಲಿರುವ ಫ್ಯುನೇರಿಯಾಕ್ಕೂ ಹಲ್ಲಿಲ್ಲದ ಫಿಸ್ಕೊಮಿಟ್ರಿಯಮ್‌ಗೂ ಮಿಶ್ರತಳಿ ಮಾಡಿ ತೋರಿಸಿದರು. ದೂರದವರಾಗಿದ್ದರೆ ಅದು ಕೂಡುತ್ತಿರಲಿಲ್ಲ. ಹಾಗಾದರೆ ಹಲ್ಲು ಎಲ್ಲಿ ಹೋಯಿತು? ಪೇಟೆನ್ಸ್ ಬೆಳೆಯುವ ಜಾಗ ನೋಡಿದರೆ ಊಹಿಸಬಹುದು. ಕೆರೆಯ, ಹೊಳೆಯ ನೀರು ಇಳಿದ ಮೇಲೆ ಕಾಣುವ ಕೆಸರು ಅದರ ನೆಲ. ನೀರು ಮತ್ತೆ ಏರುವುದರೊಳಗೆ ಹುಟ್ಟಿ, ಬೆಳೆದು, ಬೀಜಾಣು ಬಿಟ್ಟು ಮುಗಿಸಬೇಕು. ಉದ್ದ ಕಡ್ಡಿ ಕಟ್ಟಲು, ಹಲ್ಲು ಜೋಡಿಸಲು ಪುರುಸೊತ್ತಿಲ್ಲ. ಗಾಳಿಗೆ ಸ್ವಲ್ಪ ಸ್ವಲ್ಪವೇ ಬೀಜಾಣು ಬಿಡಬೇಕಾದವರಿಗೆ ಹಲ್ಲು ಬೇಕು. ಕಾಲ ಬುಡದ ಕೆಸರಿಗೇ ಸುರಿಯುವವರಿಗೆ ಬೇಡ. ಹೀಗೆ ಹಲ್ಲು ಕಳೆದುಕೊಂಡದ್ದು ಒಂದು ಸಲ ಮಾತ್ರವಲ್ಲ. ಬೇರೆ ಬೇರೆ ಕುಟುಂಬಗಳಲ್ಲಿ, ಬೇರೆ ಬೇರೆ ಕಾಲದಲ್ಲಿ, ಮತ್ತೆ ಮತ್ತೆ ಆಗಿದೆ. ಹಾಗಾಗಿ ಬೋಳುಬಾಯಿಗಳ ಗುಂಪಿನಲ್ಲಿ ಹತ್ತು ಮನೆಯವರು ಸೇರಿಕೊಂಡಿದ್ದರು.

ಪೇಟೆನ್ಸ್‌ನ ಹೆಸರಿನ ಸುತ್ತಾಟ ಇನ್ನೂ ಇದೆ. ಬಾಯಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅದಕ್ಕೆ ಫಿಸ್ಕೊಮಿಟ್ರೆಲ್ಲಾ ಅಂತ ಬೇರೆ ಕುಲವನ್ನೇ ಕೊಟ್ಟಿದ್ದರು. ಅದೇ ಹೆಸರಿನಲ್ಲಿ ಅದು ಪ್ರಯೋಗಾಲಯ ಸೇರಿತು. 2008ರಲ್ಲಿ ಅದರ ಇಡೀ ಜೀನೋಮ್ ಪ್ರಕಟವಾಯಿತು. ಹಾವಸೆಗಳಲ್ಲಿ ಅದೇ ಮೊದಲನೆಯದು. ಆಮೇಲೆ ಡಿಎನ್‌ಎ ಹೋಲಿಸಿ ನೋಡಿದಾಗ ಅದು ಫಿಸ್ಕೊಮಿಟ್ರಿಯಮ್ ಕುಲದ ಒಳಗೇ ಕೂತಿದೆ ಅಂತ ಖಚಿತವಾಯಿತು. 2020ರ ಹೊತ್ತಿಗೆ ಪ್ರಯೋಗಾಲಯದವರೂ ಫಿಸ್ಕೊಮಿಟ್ರಿಯಮ್ ಪೇಟೆನ್ಸ್ ಅಂತ ಬರೆಯಲು ಶುರುಮಾಡಿದರು. ಈ 'ಹೊಸ' ಹೆಸರು ಹೊಸದೇ ಅಲ್ಲ ಅನ್ನುವುದು ನನಗೆ ಮುಟ್ಟಿದ ವಿಷಯ. ವಿಲಿಯಂ ಮಿಟನ್ ಅನ್ನುವ ಇಂಗ್ಲೆಂಡಿನ ಔಷಧ ವ್ಯಾಪಾರಿ 1851ರಲ್ಲೇ ಆ ಹೆಸರು ಕೊಟ್ಟಿದ್ದರು. ಡಿಎನ್‌ಎ ಇಲ್ಲ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಲ್ಲ. ಇಲ್ಲದ ಬಾಯನ್ನು ಬದಿಗಿಟ್ಟು, ಇದ್ದದ್ದನ್ನು ನೋಡಿದರು.

ಇದೇನಪ್ಪಾ ಹಾವಸೆ

ಅದೇ ಮಿಟನ್ ಇನ್ನೊಂದು ಕಡೆ ತಪ್ಪಿದರು. ಇದನ್ನು ಓದಿದಾಗ ಅವರ ಮೇಲಿನ ನನ್ನ ಪ್ರೀತಿ ಜಾಸ್ತಿಯಾಯಿತು. 1861ರಲ್ಲಿ ಹಿಮಾಲಯದಿಂದ ಬಂದ ಒಂದು ಮಾದರಿ ಅವರ ಕೈಗೆ ಸಿಕ್ಕಿತು. ಎಲೆ ಅನ್ನಬೇಕೋ ಬೆರಳು ಅನ್ನಬೇಕೋ ತಿಳಿಯದಂಥ, ಎರಡು ಮೂರಾಗಿ ಸೀಳಿದ ಕಡ್ಡಿಯಂಥ ಎಲೆಗಳು. ಕುಡಿಕೆ ಇರಲಿಲ್ಲ. ಅವರು ಅದನ್ನು ಲಿವರ್‌ವರ್ಟ್‌ಗಳ ಒಂದು ಕುಲಕ್ಕೆ ಸೇರಿಸಿದರು. ಆಮೇಲೆ ಅದು ಸುಮಾರು ನೂರು ವರ್ಷ ಸುಮ್ನೆ ಪೊಟ್ಟಣದಲ್ಲಿ ಮಲಗಿತು.

ಇಪ್ಪತ್ತನೇ ಶತಮಾನದ ನಡುವಿನಲ್ಲಿ ಜಪಾನಿನ ಬೆಟ್ಟಗಳಲ್ಲಿ ತಕಾಕಿ ನೊರಿವೊ ಅಂಥದೇ ಗಿಡ ಕಂಡರು. ತಿಳಿದವರಿಗೆಲ್ಲ ತೋರಿಸಿದರೂ ಇದು ಇಂಥದ್ದೇ ಅಂತ ಹೇಳುವವರು ಸಿಗಲಿಲ್ಲ. ಜಪಾನಿನಲ್ಲಿ ಅದಕ್ಕೆ 'ನಂಜಾಮೊಂಜಾ-ಗೊಕೆ' ಅನ್ನುವ ಹೆಸರೇ ಬಂತು. 'ಇದೇನಪ್ಪಾ ಹಾವಸೆ' ಅಂದ ಹಾಗೆ. 1958ರಲ್ಲಿ ಹತ್ತೋರಿ ಮತ್ತು ಇನೊವೆ ಅದಕ್ಕೆ ತಕಾಕಿಯಾ ಅಂತ ಕುಲದ ಹೆಸರಿಟ್ಟು, ಲಿವರ್‌ವರ್ಟ್‌ಗಳಲ್ಲೇ ಇರಿಸಿದರು. ಮಿಟನ್ ನೋಡಿದ ಹಿಮಾಲಯದ ಗಿಡವೂ ಈ ಕುಲದ್ದೇ ಅಂತ 1960ರ ದಶಕದಲ್ಲಿ ಗೊತ್ತಾಯಿತು. ಆದರೆ ಹೆಣ್ಣು ಅಂಗ ಮಾತ್ರ ಕಂಡಿತ್ತು. ಗಂಡು ಅಂಗವನ್ನಾಗಲಿ ಕುಡಿಕೆಯನ್ನಾಗಲಿ ಯಾರೂ ನೋಡಿರಲಿಲ್ಲ.

ಅಲಾಸ್ಕಾದ ಪಶ್ಚಿಮಕ್ಕೆ ಚಾಚಿರುವ ಅಲ್ಯೂಷಿಯನ್ ದ್ವೀಪಗಳಲ್ಲಿ ಕೊನೆಗೂ ಎರಡೂ ಸಿಕ್ಕವು. ಡೇವಿಡ್ ಸ್ಮಿತ್ ಮತ್ತು ಪಾಲ್ ಡೇವಿಸನ್ 1993ರಲ್ಲಿ ಅದನ್ನು ಪ್ರಕಟಿಸಿದರು. ಕುಡಿಕೆ ನೋಡಿದ ಮೇಲೆ ವಾದ ಮುಗಿಯಿತು. ಗಟ್ಟಿ ಕಡ್ಡಿ, ತಲೆಯ ಮೇಲೆ ಟೊಪ್ಪಿಗೆ, ನಡುವೆ ಕಂಬ. ಇದು ಹಾವಸೆಯೇ. ಆದರೆ ಹಲ್ಲಿಲ್ಲ, ಮುಚ್ಚಳವಿಲ್ಲ. ಕುಡಿಕೆಯ ಮೈಮೇಲೆ ಸುರುಳಿ ಸುತ್ತಿದ ಒಂದೇ ಒಂದು ಸೀಳು. ಅದು ಬಿಚ್ಚಿ ಬೀಜಾಣು ಹೊರಬರುತ್ತವೆ. ಈಗ ಹಾವಸೆಗಳನ್ನು ಎಂಟು ವರ್ಗಗಳಾಗಿ ಮಾಡುವ ಪದ್ಧತಿಯಲ್ಲಿ ತಕಾಕಿಯಾಕ್ಕೆ ತನ್ನದೇ ಒಂದು ವರ್ಗ. ಇಡೀ ವರ್ಗದಲ್ಲಿ ಎರಡೇ ಪ್ರಭೇದ. ಸ್ಫ್ಯಾಗ್ನಮ್‌ಗೆ ಒಂದು ವರ್ಗ. ಬಂಡೆಯ ಮೇಲಿನ ಕಪ್ಪು ಆಂಡ್ರಿಯಾಕ್ಕೆ ಒಂದು. ಅದರ ಕುಡಿಕೆ ಬದಿಯಲ್ಲಿ ನಾಲ್ಕು ಸೀಳು ಬಿಡುತ್ತದೆ. ಸುಮಾರು 12,000 ಹಾವಸೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ, ನನ್ನ ಫ್ಯುನೇರಿಯಾವೂ ಸೇರಿ, ಬಾಗುವ ಹಲ್ಲಿನ ಬ್ರಯಾಪ್ಸಿಡಾ ವರ್ಗದವು.

ತಕಾಕಿಯಾದ ಹಲ್ಲು ಕಳೆದುಹೋಗಿಲ್ಲ. ಅದಕ್ಕೆ ಹಲ್ಲು ಎಂದೂ ಬಂದೇ ಇರಲಿಲ್ಲ. ಪೇಟೆನ್ಸ್‌ಗೂ ಹಲ್ಲಿಲ್ಲ, ತಕಾಕಿಯಾಕ್ಕೂ ಹಲ್ಲಿಲ್ಲ. ಒಬ್ಬರು ಇದ್ದದ್ದನ್ನು ಬಿಟ್ಟವರು. ಇನ್ನೊಬ್ಬರು ಅದು ಬರುವ ಮೊದಲೇ ಬೇರೆ ಹಾದಿ ಹಿಡಿದವರು. ಬಾಯಿ ನೋಡಿದರೆ ಎರಡೂ ಒಂದೇ ಥರ ಖಾಲಿ. ಆ ಖಾಲಿ ಮಾತ್ರ ನೋಡಿ ಯಾರು ಯಾರಿಗೆ ಏನಾಗಬೇಕು ಅಂತ ಹೇಳಲು ಬರುವುದಿಲ್ಲ.

ನನ್ನ ಪೊಟ್ಟಣ

ಈಗ ಪುಟ್ಟಿಯ ಗೋಡೆಗೆ ಬರುತ್ತೇನೆ. ಎರಡು ವರ್ಷ ಆದ ಮೇಲೆ ಆ ಪೊಟ್ಟಣಗಳನ್ನು ಬಿಚ್ಚಿದೆ. ಒಣಗಿ ಮುದುಡಿದ ಹಾವಸೆಯ ಮೇಲೆ ಒಂದು ಹನಿ ನೀರು ಬಿಟ್ಟರೆ ನಿಮಿಷದೊಳಗೆ ಎಲೆ ಬಿಡಿಸಿಕೊಂಡು ಹಸಿರಾಗುತ್ತದೆ. ದಿಂಬಿನ ಥರದ್ದು ಹಾಗೇ ಅರಳಿತು. ಎಲೆಗಳು ಕಾಂಡದ ಸುತ್ತ ಎಲ್ಲ ಕಡೆಗೂ ತಿರುಗಿದ್ದವು. ಪ್ರತಿ ಎಲೆಗೂ ನಡುವೆ ಒಂದು ನರ. ಬುಡದಲ್ಲಿ ಕಂದು ಎಳೆಗಳು, ಅವುಗಳಲ್ಲಿ ಓರೆಯಾದ ಅಡ್ಡಗೋಡೆಗಳು.

ಜಡೆಯ ಥರದ್ದನ್ನು ಇಟ್ಟೆ. ಎಲೆಗಳು ಎಡಕ್ಕೊಂದು ಬಲಕ್ಕೊಂದು, ಎರಡೇ ಸಾಲಿನಲ್ಲಿ ಒಂದರ ಮೇಲೊಂದು ಹೊದ್ದಿದ್ದವು. ತಿರುವಿ ನೋಡಿದರೆ ಹೊಟ್ಟೆಯ ಕಡೆ ಇನ್ನೊಂದು ಸಾಲು ಪುಟಾಣಿ ಎಲೆಗಳು. ಯಾವ ಎಲೆಯಲ್ಲೂ ನರ ಇಲ್ಲ. ಬುಡದ ಎಳೆಗಳಲ್ಲಿ ಅಡ್ಡಗೋಡೆ ಇಲ್ಲ, ಪ್ರತಿಯೊಂದೂ ಉದ್ದಕ್ಕೆ ಚಾಚಿದ ಒಂದೇ ಕೋಶ. ಅದು ಹಾವಸೆಯೇ ಅಲ್ಲ. ಎಲೆ ಬಿಡುವ ಲಿವರ್‌ವರ್ಟ್. ಹಸಿಯಾಗಿದ್ದಾಗಲೇ ನೋಡಿದ್ದರೆ ಕೋಶದೊಳಗೆ ಎಣ್ಣೆಯ ಪುಟ್ಟ ಮಣಿಗಳು ಕಾಣುತ್ತಿದ್ದವು. ಅವು ಲಿವರ್‌ವರ್ಟ್‌ಗಳಿಗೆ ಮಾತ್ರ ಇರುವಂಥವು. ಒಣಗಿಸಿ ಎರಡು ವರ್ಷ ಇಟ್ಟದ್ದರಿಂದ ಅವು ಉಳಿದಿರಲಿಲ್ಲ. ಆ ಮಗು ಬರೀ ಬೆರಳಿನಿಂದ ಮುಟ್ಟಿ ಬೇರೆ ಅಂದಿದ್ದಳು. ನಾನು ಹೆಸರು ಬರೆದು ಮುಚ್ಚಿಟ್ಟಿದ್ದೆ. ಈ ಎರಡರ ವಂಶಗಳು ಬೇರೆಯಾಗಿ ನಲವತ್ತು ಕೋಟಿ ವರ್ಷಕ್ಕೂ ಜಾಸ್ತಿಯಾಗಿದೆ.

ಹಾವಸೆ, ಲಿವರ್‌ವರ್ಟ್, ಕೊಂಬಿನಂಥ ಕುಡಿಕೆಯ ಹಾರ್ನ್‌ವರ್ಟ್, ಈ ಮೂರನ್ನೂ ಸೇರಿಸಿ ಬ್ರಯೋಫೈಟ್ ಅನ್ನುವುದು ಹಳೆಯ ರೂಢಿ. ಇದೂ ಇಲ್ಲದ್ದರ ಪಟ್ಟಿಯೇ. ನಾಳ ಇಲ್ಲ, ಬೇರಿಲ್ಲ, ಬೀಜ ಇಲ್ಲ, ಹೂವಿಲ್ಲ. ಹಾಗಾಗಿ ಇದೂ ಒಡೆದುಹೋಗಬೇಕಾದ ಚೀಲ ಅಂತ ನಾನು ನಂಬಿದ್ದೆ. ತುಂಬ ಕಾಲ ಪುಸ್ತಕಗಳೂ ಹಾಗೇ ಹೇಳುತ್ತಿದ್ದವು. ಲಿವರ್‌ವರ್ಟ್ ಮೊದಲು ಕವಲೊಡೆಯಿತು, ಆಮೇಲೆ ಉಳಿದೆರಡು ಒಂದೊಂದಾಗಿ, ಕೊನೆಗೆ ನಾಳವಿರುವ ಗಿಡಗಳು ಅಂತ. ಆದರೆ ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ನೂರಾರು ಜೀನ್‌ಗಳನ್ನು ಒಟ್ಟಿಗೆ ಹೋಲಿಸಿದ ಅಧ್ಯಯನಗಳು ಹೆಚ್ಚಾಗಿ ಇನ್ನೊಂದು ಕಡೆಗೆ ವಾಲಿವೆ. ಮೂರೂ ಒಂದೇ ಕೊಂಬೆ, ಅದರಲ್ಲೂ ಹಾವಸೆ ಮತ್ತು ಲಿವರ್‌ವರ್ಟ್ ಅಕ್ಕತಂಗಿಯರು ಅಂತ. ಲಿವರ್‌ವರ್ಟ್‌ಗೆ ಉಸಿರಾಡುವ ಪತ್ರರಂಧ್ರ ಇಲ್ಲದಿರುವುದೂ ಹಳೆಯ ಕಾಲದ ಗುರುತಲ್ಲ, ಇದ್ದದ್ದು ಕಳೆದುಹೋದದ್ದು ಅನ್ನುವ ಲೆಕ್ಕ ಈಗಿನದು.

ಇದನ್ನು ಓದಿದ ದಿನ ಪೊಟ್ಟಣಗಳನ್ನು ಮತ್ತೆ ಹೊರತೆಗೆದೆ. ಪುಟ್ಟಿಗೆ ನಾನು ಹೇಳಿದ್ದೂ ತಪ್ಪು, ಆಮೇಲೆ ತಿದ್ದಿಕೊಂಡದ್ದೂ ಪೂರ್ತಿ ಸರಿಯಿಲ್ಲ. ಎರಡೂ ಬೇರೆ, ಆದರೆ ದೂರದವರಲ್ಲ. ಇಲ್ಲ ಅನ್ನುವುದನ್ನು ನೋಡಿ ಕಟ್ಟಿದ ಗುಂಪು ತಪ್ಪೇ ಆಗಿರಬೇಕು ಅಂತಲೂ ಇಲ್ಲ. ಅದನ್ನು ಹೇಳಬೇಕಾದ್ದು ಬೇರೆ ಸಾಕ್ಷಿ.

ನನ್ನ ಹತ್ತಿರ ಇನ್ನೊಂದು ಪೊಟ್ಟಣ ಇದೆ. ಅದರ ಮೇಲೆ ದಿನಾಂಕ, ಜಾಗ ಮಾತ್ರ ಬರೆದಿದ್ದೇನೆ. ಹೆಸರಿನ ಜಾಗ ಖಾಲಿ. ಅದೇ ಗೋಡೆಯ ಮೇಲ್ಭಾಗದಲ್ಲಿ ಸಿಕ್ಕ ಗಿಡ್ಡ ಹಾವಸೆ. ಎಲೆ ನೋಡಿ ಎರಡು ಕುಲಗಳವರೆಗೆ ಬಂದಿದ್ದೇನೆ, ಮುಂದಕ್ಕೆ ಹೋಗಲು ಕುಡಿಕೆ ಬೇಕು. ಹಾವಸೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರಭೇದಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಕೋಶ ನೀರಿನಲ್ಲಿ ಈಜಿಕೊಂಡೇ ಹೋಗಬೇಕು, ಅದೂ ಸ್ವಲ್ಪ ದೂರ ಮಾತ್ರ. ಹತ್ತಿರದಲ್ಲಿ ಜೋಡಿ ಇಲ್ಲದ ಹಾವಸೆ ವರ್ಷಗಟ್ಟಲೆ ಕುಡಿಕೆ ಬಿಡದೆ, ಮುರಿದ ಎಲೆ ಕಾಂಡಗಳಿಂದಲೇ ಹಬ್ಬುತ್ತದೆ. ನಾಲ್ಕು ಮಳೆಗಾಲ ಮಸೂರ ಹಿಡಿದು ಆ ಗೋಡೆಯ ಮುಂದೆ ನಿಂತು ಬರಿಗೈಯಲ್ಲಿ ವಾಪಸ್ಸು ಬಂದಿದ್ದೇನೆ.

ಈ ಸಲ ಪುಟ್ಟಿ ಜೊತೆಗಿದ್ದಳು. ಈಗ ನನ್ನ ಭುಜದವರೆಗೆ ಬಂದಿದ್ದಾಳೆ, ಮಸೂರವನ್ನು ಕಣ್ಣಿಗೆ ಒತ್ತಿ ಹಿಡಿಯಲು ಕಲಿತಿದ್ದಾಳೆ. "ಚಿಕ್ಕಮ್ಮ, ಕಡ್ಡಿ ಬಂದಿದೆ" ಅಂದಳು. ನಾನೂ ನೋಡಿದೆ. ಕೂದಲಿನಷ್ಟು ತೆಳ್ಳಗೆ, ತುಸು ಕೆಂಪಗೆ, ಮೂರು ಕಡ್ಡಿಗಳು. ಕೀಳಲು ಕೈ ಚಾಚಿದವಳನ್ನು ತಡೆದೆ. ತುದಿಯಲ್ಲಿ ಕುಡಿಕೆ ಇನ್ನೂ ಹಸಿರಾಗಿತ್ತು, ತಲೆಯ ಮೇಲೆ ಟೊಪ್ಪಿಗೆ ಹಾಗೇ ಇತ್ತು.